ಗ್ರಹಣದ ಅನ್ನ

"ಅಡ್ಡ ತಿರುಗಬೇಡ. ಹೊಟ್ಟೆ ಸರೀ ಬಿಸಿಲಿಗೆ ಮಾಡಿ ಕೂತ್ಕೊ," ಎಂದರು ಧಣಿಯ ಹೆಂಡತಿ ವಿನೋದಮ್ಮ ಬಾಗಿಲಲ್ಲಿ ನಿಂತು. "ಸೆರಗು ತೆಗಿ. ನಿನ್ನ ಹೊಟ್ಟೆ ನೋಡ್ಲಿಕ್ಕೆ ಇಲ್ಲಿ ಯಾರಿಗೂ ಆಸೆ ಇಲ್ಲ."

ನಾನು ಸೆರಗು ಸರಿಸಿ, ತುಳಸಿಕಟ್ಟೆಯಿಂದ ಹತ್ತು ಮಾರು ದೂರದಲ್ಲಿ ಕೈ ಊರಿ ನೆಲಕ್ಕೆ ಕೂತೆ. ಎಂಟು ತಿಂಗಳಾಗಿತ್ತು. ಒಳಗಿನಿಂದ ಮಗು ಒಂದು ಒದೆ ಕೊಟ್ಟಿತು. ಅದಕ್ಕಾದರೂ ಸಿಟ್ಟು ಬಂತಲ್ಲ ಎಂದು ನನಗೆ ಸಮಾಧಾನವಾಯಿತು.

ಅದು ಎಂಬತ್ತನೇ ಇಸವಿಯ ದೊಡ್ಡ ಸೂರ್ಯಗ್ರಹಣ. ಫೆಬ್ರವರಿ ತಿಂಗಳು, ಶನಿವಾರ. ಮಧ್ಯಾಹ್ನಕ್ಕೇ ಮಂಗಳೂರು ಬಾಗಿಲು ಹಾಕಿಕೊಂಡಿತ್ತು. ಪಂಪ್‌ವೆಲ್ ಕಡೆಯಿಂದ ಒಂದು ಬಸ್ಸಿನ ಹಾರ್ನ್ ಸಹ ಕೇಳುತ್ತಿರಲಿಲ್ಲ. ಒಲೆ ಆರಿಸಿ, ಕುಡಿಯುವ ನೀರಿಗೆ ದರ್ಭೆ ಹಾಕಿ ಎಲ್ಲರೂ ಒಳಗೆ ಸೇರಿದ್ದರು. ಹೊರಗೆ ಉಳಿದದ್ದು ನಾಯಿಗಳು, ಕಾಗೆಗಳು, ನಾನು ಮತ್ತು ನನ್ನ ಗಂಡ ಬೋಜ.

ನಾವು ಕೊರಗರು. ಬೋಜ ಮುನ್ಸಿಪಾಲಿಟಿಯ ಚರಂಡಿ ತೆಗೆಯುತ್ತಾನೆ, ನಾನು ಬುಟ್ಟಿ ಹೆಣೆಯುತ್ತೇನೆ. ನಮ್ಮ ತೆಂಗಿನ ಮಡಲಿನ ಗುಡಿಸಲು ಇದ್ದದ್ದು ತಾರಾನಾಥ ಧಣಿಯ ಹಿತ್ತಲಿನ ಮೂಲೆಯಲ್ಲಿ. ಆ ಗುಡಿಸಲು ಇರಬೇಕಾದರೆ ಧಣಿಯ ಮನೆಯ ಅಜಲನ್ನು ನಾವು ಹೊರಬೇಕು. ಅಜಲು ಎಂದರೆ ದೊಡ್ಡ ಸಂಗತಿಯೇನಲ್ಲ. ಆ ಮನೆಯ ಹೆಣ್ಣು ಬಸುರಿಯಾದರೆ ಅವಳ ಉಗುರು, ಕೂದಲನ್ನು ಅನ್ನದಲ್ಲಿ ಕಲಸಿ ನಮ್ಮೆದುರು ಇಡುತ್ತಾರೆ. ನಾವು ತಿನ್ನಬೇಕು. ಅವಳಿಗೂ ಅವಳ ಮಗುವಿಗೂ ಬರಬೇಕಾದ ಕೆಡುಕೆಲ್ಲ ನಮಗೆ ಬರಬೇಕು. ಅಷ್ಟೆ.

ನಾನು ಎರಡು ಸಲ ತಿಂದಿದ್ದೆ, ಧಣಿಯ ಮಗಳು ಹೇಮಾಕ್ಷಿಯಮ್ಮನ ಎರಡು ಬಸುರಿಗೆ. ಅವರ ಎರಡೂ ಮಕ್ಕಳು ರಜೆಗೆ ಬಂದಾಗ ಇದೇ ಅಂಗಳದಲ್ಲಿ ಕುಣಿಯುತ್ತಿದ್ದವು. ನನ್ನ ಮೊದಲನೆಯದು ಹನ್ನೊಂದು ದಿನ ಬದುಕಿತ್ತು. ಎರಡನೆಯದು ಅಳಲೇ ಇಲ್ಲ. ಹೆಲನ್ ಎನ್ನುವ ಸೂಲಗಿತ್ತಿ ನರ್ಸಮ್ಮ ನನ್ನ ಕಣ್ಣರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ಅದಕ್ಕೇ ಹೀಗಾಗುವುದು, ಅನ್ನದ ಮೇಲೆ ತಪ್ಪು ಹಾಕಬೇಡ ಎಂದಿದ್ದರು. ಇರಬಹುದು, ಅವರು ಓದಿದವರು. ಆದರೆ ಆ ಅನ್ನ ಇಳಿದದ್ದು ಅವರ ಗಂಟಲಲ್ಲಿ ಅಲ್ಲ.

ಈ ಸಲ ಬಸುರಿ ಆ ಮನೆಯ ಸೊಸೆ ಕುಶಲಮ್ಮ. ಗ್ರಹಣ ತಾಗಿದರೆ ಹೊಟ್ಟೆಯ ಮಗುವಿನ ತುಟಿ ಸೀಳುತ್ತದೆ ಎಂಬ ಹೆದರಿಕೆಗೆ ಅವರನ್ನು ಕತ್ತಲೆಯ ಕೋಣೆಗೆ ಹಾಕಿದ್ದರು, ನನ್ನನ್ನು ಬಿಸಿಲಿಗೆ. ಗ್ರಹಣ ತುಂಬ ಹಿಡಿದಾಗ ನಾನು ಅನ್ನ ತಿನ್ನಬೇಕಾಗಿತ್ತು. ಹಿಂದಿನ ದಿನ ಧಣಿಯೇ ಬಂದು ಗುಡಿಸಲಿನ ಹೊರಗೆ ನಿಂತು ಹೇಳಿ ಹೋಗಿದ್ದರು. ಬೋಜ ತಲೆ ತಗ್ಗಿಸಿ ಆಯ್ತು ಧಣಿ ಎಂದಿದ್ದ. ಅವರು ಅತ್ತ ಹೋದ ಮೇಲೆ ನಾನು ಜಗಳ ತೆಗೆದೆ. ಹೊಟ್ಟೆಯಲ್ಲಿರುವ ಇದೊಂದನ್ನು ಕೊಡುವುದಿಲ್ಲ, ಸತ್ತರೂ ಕೊಡುವುದಿಲ್ಲ ಎಂದೆ. ಅವನು ನನ್ನ ಮುಖ ನೋಡಲಿಲ್ಲ. ಈ ಹೊಟ್ಟೆ ಹೊತ್ತುಕೊಂಡು ಎಲ್ಲಿಗೆ ಹೋಗುವುದು ಎಂದಷ್ಟೇ ಕೇಳಿದ. ಹಾಗಾಗಿ ಬಂದು ಕೂತಿದ್ದೆ.

ಜಗಲಿಯ ಆರಾಮ ಕುರ್ಚಿಯಲ್ಲಿ ಸಣ್ಣ ಧಣಿ ಚಿತ್ತರಂಜನ ಕೂತಿದ್ದರು. ಕುಶಲಮ್ಮನ ಗಂಡ, ಕಾಲೇಜಿನಲ್ಲಿ ಸೈನ್ಸ್ ಕಲಿಸುವವರು. ಗ್ರಹಣ ನೋಡಲು ಫಳ್ನೀರಿನ ಕ್ಲಿನಿಕ್ಕಿನಿಂದ ತಂದ ಎಕ್ಸ್‌ರೇ ಹಾಳೆಯೊಂದು ಅವರ ಕೈಯಲ್ಲಿತ್ತು. ಅದರಲ್ಲಿ ಯಾರದ್ದೋ ಪಕ್ಕೆಲುಬು ಕಾಣುತ್ತಿತ್ತು. ಅವರು ಕೆಟ್ಟವರಲ್ಲ, ಮಾತಿನಲ್ಲಿ ಬಹಳ ಒಳ್ಳೆಯವರು. ಬೋಜನನ್ನು ಹತ್ತಿರ ಕರೆದು, ರಾಹುವೂ ಇಲ್ಲ ಕೇತುವೂ ಇಲ್ಲ, ಚಂದ್ರ ಅಡ್ಡ ಬರುತ್ತಾನೆ, ಅವನ ನೆರಳು ಬೀಳುತ್ತದೆ, ಕೊಡೆ ಹಿಡಿದರೆ ನೆರಳು ಬಿದ್ದ ಹಾಗೆ ಎಂದು ವಿವರಿಸಿದರು. ಅದರಿಂದ ಯಾರಿಗೂ ಏನೂ ಆಗುವುದಿಲ್ಲವಂತೆ. ಸುಳ್ಳು ಯಾಕೆ ಹೇಳಲಿ, ಅದನ್ನು ಕೇಳಿ ನನ್ನ ಜೀವ ತಂಪಾಯಿತು. ಇಷ್ಟು ಕಲಿತವರು ಹೇಳುವುದಾದರೆ ನನ್ನ ಮಗುವಿಗೂ ಏನೂ ಆಗಲಿಕ್ಕಿಲ್ಲ ಎಂದುಕೊಂಡೆ. ಆ ಧೈರ್ಯದಲ್ಲೇ ಬಾಯಿ ಬಿಟ್ಟೆ.

"ಎಂತದೂ ಆಗುದಿಲ್ಲಾಂತಾದ್ರೆ ಕುಶಲಮ್ಮನನ್ನೂ ಹೊರಗೆ ಕರೀಬಹುದಲ್ವಾ ಸಣ್ಣ ಧಣಿ?"

ಅವರು ಎಕ್ಸ್‌ರೇ ಹಾಳೆಯನ್ನು ಮಡಿಲಿಗೆ ಇಳಿಸಿದರು.

"ಅಮ್ಮನಿಗೆ ಬೇಜಾರಾಗ್ತದೆ," ಎಂದರು. "ಹಿರಿಯರ ನಂಬಿಕೆ. ನೀನು ಸ್ವಲ್ಪ ಹೊತ್ತು ಕೂತ್ರೆ ಆಯ್ತು. ಮುಗೀತದೆ."

ಕತ್ತಲೆ ಕೋಣೆಯ ಕಿಟಕಿ ಅಂಗಳಕ್ಕೆ ಇತ್ತು. ಅದು ಒಂದು ಬೆರಳಿನಷ್ಟು ತೆರೆಯಿತು. ಕುಶಲಮ್ಮ ಪಿಸುಗುಟ್ಟಿದರು.

"ಕಿನ್ನೀ, ನಿನ್ನ ಮಗು ಆಡ್ತದಾ? ನನ್ನದು ಬೆಳಿಗ್ಗೆಯಿಂದ ಆಡ್ಲಿಲ್ಲ ಮಾರಾಯ್ತಿ."

ಬೆಳಿಗ್ಗೆಯಿಂದ ಅವರಿಗೆ ಒಂದು ಗುಟುಕು ನೀರು ಸಹ ಕೊಟ್ಟಿರಲಿಲ್ಲ. ನನಗೆ ಪಾಪ ಅನಿಸಿತು. ಅನಿಸಬಾರದಿತ್ತು, ಆದರೆ ಅನಿಸಿತು.

"ನಿಮ್ಮದು ನಿದ್ದೆ ಮಾಡ್ತಾ ಉಂಟು ಅಮ್ಮ," ಎಂದೆ. "ಕೆಲವು ಸಲ ಹಾಗೆ. ಹೆದರಬೇಡಿ."

ಬಿಸಿಲು ಹಾಗೇ ಬಣ್ಣ ಕಳೆದುಕೊಳ್ಳತೊಡಗಿತು. ಮೋಡವಿರಲಿಲ್ಲ, ಆದರೂ ಅಂಗಳಕ್ಕೆ ಬೂದಿ ಚೆಲ್ಲಿದ ಹಾಗೆ ಆಯಿತು. ಕಾಗೆಗಳು ಹಲಸಿನ ಮರಕ್ಕೆ ಬಂದು ಕೂತವು. ನನ್ನ ಧೈರ್ಯವೆಲ್ಲ ಎಲ್ಲಿಗೋ ಹೋಯಿತು. ಗ್ರಹಣ ಬಿಟ್ಟ ಮೇಲೆ ಮನೆ ಗುಡಿಸಿದ ಕಸ ಹೊರಲು ನಾನೇ ಹೆಣೆದು ತಂದ ಹೊಸ ಬುಟ್ಟಿ ಪಕ್ಕದಲ್ಲಿತ್ತು. ಅದನ್ನು ಎತ್ತಿ ಹೊಟ್ಟೆಗೆ ಮರೆಯಾಗಿ ಹಿಡಿದೆ.

ಹಿಡಿದವಳು ನೋಡುತ್ತೇನೆ, ನನ್ನ ಹೊಟ್ಟೆಯ ಮೇಲೆಲ್ಲ ಬೆಳಕಿನ ಚೂರುಗಳು. ಬುಟ್ಟಿಯ ಒಂದೊಂದು ಕಿಂಡಿಯಿಂದಲೂ ಒಂದೊಂದು ಸೂರ್ಯ ಇಳಿದಿದ್ದ. ಉರುಟಾಗಿ ಅಲ್ಲ, ತಿಂದು ಬಿಟ್ಟ ಹಾಗೆ ಅರ್ಧ. ಆಕಾಶದಲ್ಲಿ ಒಂದೇ ಇದ್ದ ಗ್ರಹಣ ನನ್ನ ಹೊಟ್ಟೆಗೆ ನೂರಾಗಿ ಹಿಡಿಯಿತು ಎಂದು ಕಿರುಚಿಬಿಟ್ಟೆ. ಸಣ್ಣ ಧಣಿ ಜಗಲಿಯಿಂದ ಇಣುಕಿದರು. ಎಕ್ಸ್‌ರೇ ಹಾಳೆಯನ್ನು ಕುರ್ಚಿಗೆ ಎಸೆದು ಮೆಟ್ಟಿಲಿನ ತನಕ ಬಂದರು.

"ಎತ್ತು, ಇನ್ನೂ ಎತ್ತು. ನೆಲಕ್ಕೆ ಬೀಳ್ಲಿ. ಅಲ್ಲಾಡಿಸಬೇಡ."

ಎದ್ದು ನಿಂತು ಎರಡೂ ಕೈಯಲ್ಲಿ ಬುಟ್ಟಿ ಎತ್ತಿದೆ. ಎತ್ತಿದಷ್ಟೂ ಸೂರ್ಯಗಳು ದೊಡ್ಡವಾದವು. ಅಂಗಳದ ಸೆಗಣಿ ಸಾರಿಸಿದ ನೆಲದ ತುಂಬ ಸಣ್ಣ ಸಣ್ಣ ಬೆಳ್ಳಿಯ ಕುಡುಗೋಲುಗಳು. ನಾನು ಬುಟ್ಟಿ ತಿರುಗಿಸಿದರೆ ಅವೂ ತಿರುಗುತ್ತಿದ್ದವು. ಸಣ್ಣ ಧಣಿ ಇಂಗ್ಲಿಷಿನಲ್ಲಿ ಏನೇನೋ ಹೇಳಿಕೊಂಡು ನಗುತ್ತಿದ್ದರು. ನನ್ನ ತೋಳು ಸೋಲುತ್ತಿತ್ತು, ಅದನ್ನು ಅವರು ಗಮನಿಸಲಿಲ್ಲ. ಆದರೆ ನನಗೂ ಖುಷಿಯಾಗಿತ್ತು, ಯಾಕೆ ಮುಚ್ಚಿಡಲಿ. ನನ್ನ ಅಜ್ಜಿ ಕಲಿಸಿದ ಹೆಣಿಗೆಯೊಳಗೆ ಇಷ್ಟೊಂದು ಸೂರ್ಯರು ಇದ್ದರು ಎಂದು ನಮಗೆ ಯಾರೂ ಹೇಳಿರಲಿಲ್ಲ. ಅದೇ ಹೊತ್ತಿಗೆ ಮಗು ಬಲವಾಗಿ ಒಂದು ಒದೆ ಕೊಟ್ಟಿತು. ನೀನೂ ನೋಡಿದೆಯಾ ಎಂದು ಮನಸ್ಸಿನಲ್ಲೇ ಕೇಳಿದೆ.

"ತುಂಬ ಹಿಡಿಯಿತು, ಕೊಡು ಅವಳಿಗೆ," ಎಂದು ಒಳಗಿನಿಂದ ವಿನೋದಮ್ಮ ಕೂಗಿದರು. ಅಂಗಳದ ಬದಿಯ ಸಣ್ಣ ಬಾಗಿಲ ಸಂದಿಯಿಂದ ಅನ್ನದ ಬಾಳೆಲೆ ಹೊರಗೆ ಬಂತು. ಅವರ್ಯಾರೂ ಆ ಬೆಳಕಿಗೆ ಇಳಿಯುವಂತಿರಲಿಲ್ಲ. ಎಲೆಯನ್ನು ನನಗೆ ತಂದುಕೊಡುವವನು ಬೋಜನೇ ಆಗಬೇಕಿತ್ತು. ತಂದ.

ಅನ್ನದಲ್ಲಿ ಕೂದಲು ಸುತ್ತಿಕೊಂಡಿತ್ತು. ನಡುನಡುವೆ ಕುಶಲಮ್ಮನ ಉಗುರಿನ ಚೂರುಗಳು, ಬೆಳ್ಳಗೆ, ಬಾಗಿದವು. ನೆಲದ ಮೇಲೆ ಈಗ ತಾನೇ ನೋಡಿದ ಸೂರ್ಯಗಳ ಹಾಗೇ ಇದ್ದವು. ನಾನು ಎಲೆ ಹಿಡಿದುಕೊಂಡು ಜಗಲಿಯ ಮೆಟ್ಟಿಲು ಹತ್ತಿದೆ. ನಮ್ಮವರು ಯಾರೂ ಹತ್ತಿದ ಮೆಟ್ಟಿಲಲ್ಲ ಅದು. ಬೋಜ ಹಿಂದಿನಿಂದ ಕಿನ್ನಿ, ಕಿನ್ನಿ ಎನ್ನುತ್ತಿದ್ದ.

"ಸಣ್ಣ ಧಣಿ, ನೀವು ಹೇಳಿದ್ದನ್ನು ನಾನು ನಂಬಿದ್ದೇನೆ," ಎಂದೆ. "ಎಂತದೂ ಇಲ್ಲ ಅಲ್ವಾ? ಇದು ನಿಮ್ಮ ಹೆಂಡತಿಯದ್ದೇ ಉಗುರು. ಒಂದು ತುತ್ತು ನೀವು ತಿನ್ನಿ. ಉಳಿದದ್ದು ನಾನು ತಿಂತೇನೆ."

ಅವರ ನಗು ಇನ್ನೂ ಮುಖದಲ್ಲೇ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯಲಿಲ್ಲ. ಒಮ್ಮೆ ಬಾಗಿಲ ಕಡೆ ನೋಡಿದರು, ಒಮ್ಮೆ ಎಲೆ ನೋಡಿದರು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ನಾನು ಎಲೆಯನ್ನು ಅವರ ಆರಾಮ ಕುರ್ಚಿಯಲ್ಲಿ ಇಟ್ಟು ಇಳಿದೆ. ಬುಟ್ಟಿ ಎತ್ತಿಕೊಂಡೆ.

"ಬೇವರ್ಸಿ ರಂಡೆ, ಮನೆ ಹಾಳು ಮಾಡಿದೆಯಲ್ಲೇ," ಎಂದು ವಿನೋದಮ್ಮ ಕಿರುಚಿದರು. ಗ್ರಹಣ ಬಿಡುವ ತನಕ ಬಾಗಿಲೊಳಗೆ ನಿಂತು ಬೈಯುವುದಲ್ಲದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಬೋಜ ನನ್ನನ್ನು ಬೈಯಲಿಲ್ಲ. ಗುಡಿಸಲಿಗೆ ಬಂದು ಪಾತ್ರೆ ಕಟ್ಟತೊಡಗಿದ.

ಗ್ರಹಣ ಬಿಟ್ಟಿತು. ಆಮೇಲೂ ಧಣಿಯ ಮನೆಯವರು ಕೂಡಲೇ ಬರಲಿಲ್ಲ, ಮೊದಲು ಸ್ನಾನ ಮಾಡಿದರು. ತಾರಾನಾಥ ಧಣಿ ಒದ್ದೆ ತಲೆಯಲ್ಲೇ ಬಂದು ದೂರ ನಿಂತರು, ಆಳು ಗುರುವಪ್ಪ ಸೂರಿನ ಮಡಲು ಎಳೆದು ಹಾಕಿದ. ನಿನ್ನ ಅಪ್ಪನ ಜಾಗವಾ ಇದು ಎಂದು ಧಣಿ ಬೋಜನನ್ನು ಕೇಳಿದರು. ಅಲ್ಲ ಧಣಿ ಎಂದ ಬೋಜ. ನಾವು ಹೊರಡುವಾಗ ಕತ್ತಲೆ ಕೋಣೆಯ ಕಿಟಕಿ ಪೂರ್ತಿ ತೆರೆದಿತ್ತು. ಕುಶಲಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಗುತ್ತಿದ್ದರು. ಅವರದು ಆಡಿರಬೇಕು.

ಪಂಪ್‌ವೆಲ್‌ನಲ್ಲಿ ಬಸ್ಸುಗಳು ಮತ್ತೆ ಓಡಾಡುತ್ತಿದ್ದವು. ತಲೆ ಒದ್ದೆ ಇದ್ದ ಜನ ಅಂಗಡಿ ಬಾಗಿಲು ತೆಗೆಯುತ್ತಿದ್ದರು. ಸೂರ್ಯ ಪೂರ್ತಿ ಉರುಟಾಗಿ ಪಡುವಣದಲ್ಲಿ ಇದ್ದ, ಅವನಿಗೆ ಏನೂ ಆದ ಹಾಗಿರಲಿಲ್ಲ. ರಸ್ತೆ ಬದಿಯ ಮರದ ಬುಡದಲ್ಲಿ ಬೋಜ ಗಂಟು ಇಳಿಸಿದ, ನಾನು ಬುಟ್ಟಿಯನ್ನು ಕವುಚಿ ಹಾಕಿ ಅದರ ಮೇಲೆ ಕೂತೆ. ಆ ಸೂರ್ಯಗಳು ನೆಲದಲ್ಲಿ ಕುಣಿಯುವಾಗ ಕೊಟ್ಟ ಒದೆಯೇ ಕೊನೆ, ಆಮೇಲೆ ಮಗು ಮಿಸುಕಿರಲಿಲ್ಲ. ದಾರಿಯುದ್ದಕ್ಕೂ ಹೊಟ್ಟೆಯನ್ನು ಒತ್ತಿ ನೋಡುತ್ತಾ ಬಂದಿದ್ದೆ. ಪಕ್ಕಕ್ಕೆ ಬಾಗಿ ನೋಡಿದೆ, ಉಸಿರು ಹಿಡಿದು ನೋಡಿದೆ.

ಬೋಜ ಪೈಪಿನಿಂದ ಚೊಂಬಿನಲ್ಲಿ ನೀರು ತಂದುಕೊಟ್ಟ. ನಾನು ಕುಡಿಯುವುದನ್ನೇ ನೋಡುತ್ತಾ ಎದುರು ಕುಕ್ಕರುಗಾಲಲ್ಲಿ ಕೂತ.

"ಆಡ್ತದಾ?" ಎಂದು ಕೇಳಿದ.

"ನಿದ್ದೆ ಮಾಡ್ತಾ ಉಂಟು," ಎಂದೆ.