ಏಳನೇ ಬೆಡ್ಡಿನ ಚಾರ್ಟು

ಕೇಳಿ ಬರೆದರೆ ಸಾಕೇ, ಕಣ್ಣಾರೆ ನೋಡಿಯೇ ಬರೆಯಬೇಕೇ? ಈ ಪ್ರಶ್ನೆಗೆ ಉತ್ತರ ಪರಶುರಾಮನಿಗೆ ಹನ್ನೊಂದು ವರ್ಷಗಳಿಂದ ಗೊತ್ತಿತ್ತು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರಿಗೆ ಅವನೇ ಹೇಳಿಕೊಡುತ್ತಿದ್ದ: ಮೂತ್ರ ಎಷ್ಟಾಯಿತೆಂದು ಪೇಷೆಂಟನ್ನು ಕೇಳಬೇಡಿ, ಕ್ಯಾನು ಎತ್ತಿ ಗೆರೆ ನೋಡಿ ಬರೆಯಿರಿ. ಹಾಗಿದ್ದೂ ಏಳನೇ ಬೆಡ್ಡಿನ ಚಾರ್ಟು ಹಿಡಿದು ನಿಂತವನ ಪೆನ್ನು ನಾಲ್ಕು ಗಂಟೆಯ ಚೌಕದ ಮೇಲೆ ತಡವರಿಸುತ್ತಿತ್ತು. ಬಗ್ಗಿ ಮಂಚದ ಕೆಳಗೆ ನೋಡಿದ್ದರೆ ಮುಗಿಯುತ್ತಿತ್ತು. ಆದರೆ ಮಂಚದ ಮೇಲೆ ಮಲಗಿದ್ದವರು ಅವನ ಮಾವ. ಕ್ಯಾನಿಗೆ ಸೀರೆಯ ನೆರಿಗೆ ಅಡ್ಡ ಮಾಡಿಕೊಂಡು ನಿಂತಿದ್ದವರು ಅವನ ಅತ್ತೆ.

"ಒಂದ ಆಯ್ತಾ ಅತ್ತೆ?"

"ಹೂಂ, ಆಯ್ತು." ಪದ್ಮಮ್ಮ ಉತ್ತರವನ್ನು ಗೋಡೆಗೆ ಹೇಳಿದರು. ಮದುವೆಯಾಗಿ ಆರು ವರ್ಷವಾದರೂ ಅವರು ಅಳಿಯನ ಮುಖ ನೋಡಿ ಮಾತಾಡಿದ್ದು ಕಡಿಮೆ.

"ಎಷ್ಟಾಗಿರಬಹುದು?"

"ಸುಮಾರು ಆಯ್ತು. ನೀವು ಕೂತ್ಕೊಳಿ, ಆವಾಗಿಂದ ನಿಂತೇ ಇದೀರ."

ಹತ್ತು ಮಂಚದ ವಾರ್ಡಿನಲ್ಲಿ ಡ್ಯೂಟಿಯ ಮೇಲಿದ್ದ ನರ್ಸಿಗೆ ಕೂರಲು ಹೇಳಿದ್ದು ಅವರೊಬ್ಬರೇ. ಪರಶುರಾಮ ಮುನ್ನೂರು ಮಿಲಿ ಎಂದು ಬರೆದ.

ಶೇಷಪ್ಪನವರಿಗೆ ಬೆಳಗ್ಗೆ ಒಂಬತ್ತಕ್ಕೆ ಹರ್ನಿಯಾ ಆಪರೇಷನ್ ಆಗಿತ್ತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ ಆಪರೇಷನ್. ಸೊಂಟದ ಕೆಳಗಿನ ಜೋಮು ಬಿಟ್ಟ ಮೇಲೂ ಕೆಲವರಿಗೆ ಮೂತ್ರ ಕಟ್ಟಿಕೊಳ್ಳುತ್ತದೆ. ಅದಕ್ಕೇ ಆ ಚಾರ್ಟು. ಶಿವಮೊಗ್ಗದ ದುರ್ಗಿಗುಡಿಯ ಈ ನರ್ಸಿಂಗ್ ಹೋಮಿಗೇ ಸೇರಬೇಕೆಂದು ಹಟ ಹಿಡಿದವರೂ ಶೇಷಪ್ಪನವರೇ. ಆಯನೂರಿನ ಸೊಸೈಟಿಯಲ್ಲಿ ಇಪ್ಪತ್ತಾರು ವರ್ಷ ಸೆಕ್ರೆಟರಿಯಾಗಿದ್ದ ಮನುಷ್ಯ. ಎಲ್ಲಿಗೆ ಹೋದರೂ ಅಲ್ಲಿ ತನ್ನವರೊಬ್ಬರು ಇರಬೇಕು. "ನಮ್ಮ ಅಳಿಯಂದ್ರ ಆಸ್ಪತ್ರೆ" ಎಂದು ಅವರು ಊರಿನಲ್ಲಿ ಹೇಳಿ ಬಂದಿದ್ದರು. ಅಳಿಯ ಅಲ್ಲಿ ಏನು ಮಾಡುತ್ತಾನೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಮದುವೆಯ ಕಾಗದ ಅಚ್ಚಿಗೆ ಹೋಗುವಾಗ ವರನ ಹೆಸರಿನ ಮುಂದೆ 'ಬಿ.ಎಸ್ಸಿ. ನರ್ಸಿಂಗ್' ಎಂದಿದ್ದುದರಲ್ಲಿ ನರ್ಸಿಂಗ್ ಹೊಡೆದುಹಾಕಿಸಿದ್ದೂ ಅವರೇ. ಜಾಗ ಸಾಲಲಿಲ್ಲ ಎಂದಿದ್ದರು. ಅದೇ ಕಾಗದದಲ್ಲಿ ಅವರ ಮಗ ಮಧುಸೂದನನ ಹೆಸರಿನ ಕೆಳಗೆ ಅವನ ಆಫೀಸು, ಹುದ್ದೆ, ವಿಭಾಗ ಎಲ್ಲಕ್ಕೂ ಜಾಗ ಸಾಲಿತ್ತು.

"ಬ್ರದರ್," ಎಂಟನೇ ಬೆಡ್ಡಿನ ಮೂರ್ತಪ್ಪ ಕರೆದರು. ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದು ರಿಟೈರಾದವರು. ಗಂಟಲು ಇನ್ನೂ ಯಂತ್ರದ ಸದ್ದಿನ ಮೇಲೇ ಇತ್ತು. "ಬೆಡ್‌ಪ್ಯಾನ್ ಕೊಡಿ ಬ್ರದರ್. ನಂದು ವಿಐಪಿ ಕೇಸಲ್ಲ, ಬೇಗ ಬರತ್ತೆ."

ಪರಶುರಾಮ ಪ್ಯಾನು ತಂದು ಸೊಂಟ ಎತ್ತಿ ಇಟ್ಟ. ತೆಗೆದ, ಒರೆಸಿದ, ಹೊದಿಕೆ ಸರಿ ಮಾಡಿದ. ಅಷ್ಟು ಹೊತ್ತೂ ಪಕ್ಕದ ಮಂಚದಲ್ಲಿ ಶೇಷಪ್ಪನವರು ಕಿಟಕಿಯ ಕಡೆ ಮುಖ ತಿರುಗಿಸಿದ್ದರು. ಮುಚ್ಚಿದ ಪ್ಯಾನು ಹಿಡಿದು ಅವನು ಹಾದುಹೋಗುವಾಗ ಪದ್ಮಮ್ಮ ಸೆರಗು ಸರಿಪಡಿಸಿಕೊಂಡು ನೆಲ ನೋಡಿದರು. ಬೇರೆ ಯಾರ ಮನೆಯವರೂ ಹಾಗೆ ನೋಡುವುದಿಲ್ಲ. ಬೇರೆಯವರಿಗೆ ಅವನು ಆ ಹೊತ್ತಿಗೆ ದೇವರಿದ್ದ ಹಾಗೆ.

ಆರು ಗಂಟೆಗೆ ಅವನು ಮತ್ತೆ ಕೇಳಿದ. ಶೇಷಪ್ಪನವರ ಹಣೆಯ ಮೇಲೆ ಬೆವರಿತ್ತು, ತುಟಿ ಬಿಗಿದುಕೊಂಡಿತ್ತು.

"ನೋವಿದೆಯಾ ಮಾವ?"

"ಇರತ್ತೆ. ಕೊಯ್ದಿದಾರಲ್ಲ."

"ಹೊಟ್ಟೆ ಸ್ವಲ್ಪ ನೋಡ್ತೀನಿ."

"ಬೇಡ. ಡಾಕ್ಟ್ರು ಬರ್ತಾರಲ್ಲ." ಅವರು ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಒಂದ ಆಯ್ತು," ಎಂದರು ಪದ್ಮಮ್ಮ, ಅವನು ಕೇಳುವ ಮೊದಲೇ. "ಆವಾಗಲೇ ಆಯ್ತು. ಚೆಲ್ಲಿ ಬಂದೆ."

ಮೂರ್ತಪ್ಪ ಕೆಮ್ಮಿದರು. ಕೆಮ್ಮು ಬಂದು ಕೆಮ್ಮಿದ್ದಲ್ಲ. ಪರಶುರಾಮ ಆ ಕಡೆ ನೋಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ, "ಬಿಡಿ ಯಜಮಾನ್ರೆ, ನಾಚಿಕೆ ಎಲ್ಲ ಮನೇಲಿ" ಎಂದು ಹೊದಿಕೆ ಸರಿಸಿ ಕಿಬ್ಬೊಟ್ಟೆಯ ಮೇಲೆ ಎರಡು ಬೆರಳು ಇಟ್ಟಿರುತ್ತಿದ್ದ. ಈಗ ಆ ಬೆರಳುಗಳಲ್ಲಿ ಪೆನ್ನಿತ್ತು. ಇನ್ನೂರೈವತ್ತು ಎಂದು ಬರೆದ. ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ಟ್ರೇಯನ್ನು ಸಿಂಕಿನೊಳಗೆ ಸದ್ದಾಗುವಂತೆ ಹಾಕಿದ. ಜೊತೆಗಿದ್ದ ಸಿಸ್ಟರ್ ಅನುಷಾ ತಿರುಗಿ ನೋಡಿದಳು.

"ಏನಾಯ್ತು ಸರ್?"

"ಏನಿಲ್ಲ. ನೀನು ಡ್ರಿಪ್ ನೋಡು."

ಏಳೂಕಾಲಿಗೆ ಡಾಕ್ಟರು ರೌಂಡಿಗೆ ಬಂದರು. ಪರಶುರಾಮನಿಗಿಂತ ಆರು ವರ್ಷ ಚಿಕ್ಕವರು. ಶೇಷಪ್ಪನವರ ಹೊದಿಕೆಯನ್ನು ಯಾವ ಅನುಮತಿಯನ್ನೂ ಕೇಳದೆ ಎಳೆದರು, ಹೊಕ್ಕುಳಿನ ಕೆಳಗೆ ಕೈಯಿಟ್ಟರು. ಅಲ್ಲಿ ತೆಂಗಿನಕಾಯಿಯಂತೆ ಗಟ್ಟಿಯಾಗಿ ಉಬ್ಬಿತ್ತು. ಮುಟ್ಟಿದ್ದೇ ತಡ ಶೇಷಪ್ಪನವರ ಗಂಟಲಿನಿಂದ ಸದ್ದೊಂದು ಹೊರಬಂತು. ಡಾಕ್ಟರು ಚಾರ್ಟು ಎತ್ತಿದರು.

"ಮುನ್ನೂರು, ಇನ್ನೂರೈವತ್ತು. ಯಾರು ಬರ್ದಿದ್ದು ಇದನ್ನ?"

"ನಾನು ಸರ್."

"ನೋಡಿ ಬರ್ದಿದ್ದಾ, ಕೇಳಿ ಬರ್ದಿದ್ದಾ?"

ಪದ್ಮಮ್ಮ ಮಂಚದ ಕಂಬಿ ಹಿಡಿದುಕೊಂಡಿದ್ದರು. ಆಫೀಸು ಮುಗಿಸಿ ಆಗಷ್ಟೇ ಬಂದ ಮಧುಸೂದನ ಕೈಯಲ್ಲಿ ಇಡ್ಲಿಯ ಪೊಟ್ಟಣ ಹಿಡಿದು ನಿಂತಿದ್ದ.

"ನೋಡಿಲ್ಲ ಸರ್."

"ಹನ್ನೊಂದು ವರ್ಷದ ಸರ್ವಿಸ್ಸು ನಿಮ್ದು. ಬ್ಲಾಡರ್ ಇಷ್ಟಾಗೋ ತನಕ ಕಥೆ ಬರೀತಾ ಕೂತಿದ್ರಾ? ಇನ್ನೂ ಎರಡು ಗಂಟೆ ಹೀಗೇ ಬಿಟ್ಟಿದ್ರೆ ಏನಾಗ್ತಿತ್ತು ಗೊತ್ತಲ್ಲ? ನಾಳೆ ಮೇಟ್ರನ್ ಮುಂದೆ ಬರೆದು ಕೊಡಿ." ವಾರ್ಡು ಪೂರ್ತಿ ಕೇಳುತ್ತಿತ್ತು. "ಈಗ ಕೂಡ್ಲೆ ಕ್ಯಾಥೆಟರ್ ಹಾಕಿ, ಮೂತ್ರ ಹೊರಗೆ ಬರ್ಲಿ. ನಂಗೆ ಥಿಯೇಟರಲ್ಲಿ ಕೇಸಿದೆ."

ಅವರು ಹೋದರು. ಅತ್ತೆಯನ್ನು ಕೇಳಿ ಬರೆದೆ ಎನ್ನುವ ಮಾತು ಪರಶುರಾಮನ ನಾಲಿಗೆಯ ತುದಿಯವರೆಗೆ ಬಂದು ವಾಪಸು ಹೋಗಿತ್ತು. ಅವನು ಪರದೆ ಎಳೆದ, ಟ್ರೇ ತಂದ, ಗ್ಲೌಸ್ ತೊಟ್ಟು ಹರಿದ ಪ್ಯಾಕೆಟ್ಟನ್ನು ಬುಟ್ಟಿಗೆ ಹಾಕಿದ.

"ಬೇರೆ ಯಾರನ್ನಾದ್ರೂ ಕರೀರಿ," ಎಂದರು ಶೇಷಪ್ಪನವರು. ಹಲ್ಲು ಕಚ್ಚಿ ಆಡಿದ ಮಾತು.

"ಬೇರೆ ಯಾರೂ ಇಲ್ಲ ಮಾವ. ಇರೋದು ನಾನು, ಆ ಹುಡುಗಿ ಅನುಷಾ."

"ಛೆ, ಆ ಮಗು ಬೇಡ. ಡಾಕ್ಟ್ರು ಬರ್ಲಿ."

"ಅವರು ಬರೋಕೆ ಒಂದೂವರೆ ಗಂಟೆ ಆಗತ್ತೆ."

"ಆಗ್ಲಿ. ತಡ್ಕೋತೀನಿ."

ಮಧುಸೂದನ ಪರದೆಯೊಳಗೆ ತಲೆ ಹಾಕಿದ. ದನಿ ತಗ್ಗಿಸಿ, ಬಹಳ ಮರ್ಯಾದೆಯಿಂದ ಮಾತಾಡಿದ. "ಭಾವ, ತಪ್ಪು ತಿಳ್ಕೋಬೇಡಿ. ನೀವು ಮನೆ ಅಳಿಯ. ಧಾರೆ ದಿವಸ ಅಪ್ಪ ನಿಮ್ಮ ಕಾಲು ತೊಳೆದಿದಾರೆ. ಈಗ ನಿಮ್ಮ ಕೈಲಿ ಇಂಥದ್ದು ಮಾಡಿಸಿದ್ರೆ ನಾವು ಹೇಗೆ ತಲೆ ಎತ್ಕೊಂಡು ಓಡಾಡೋದು? ಬೇಕಾದ್ರೆ ಬೇರೆ ಕಡೆ ಕರ್ಕೊಂಡು ಹೋಗ್ತೀನಿ. ಕಾರಿದೆ."

"ಈ ಸ್ಥಿತೀಲಿ? ಕಾರಲ್ಲಿ ಕೂರಿಸ್ಕೊಂಡು?"

"ಹತ್ತು ನಿಮಿಷದ ದಾರಿ ಭಾವ."

"ಅಳಿಯಂದ್ರ ಕೈ ಮುಟ್ಟಿಸ್ಬಾರ್ದು ಅಂತ್ಲೇ ನಾನು..." ಪದ್ಮಮ್ಮ ಮಾತು ನುಂಗಿದರು.

ಆ ಅರ್ಧ ಮಾತು ಸಾಕಾಯಿತು. ಮೂರು ತಾಸಿನಿಂದ ಈ ಹೆಂಗಸು ಗಂಡನ ನರಳಾಟ ನೋಡುತ್ತ ಕೂತಿದ್ದು, ಎರಡು ಸಲ ಸುಳ್ಳು ಹೇಳಿದ್ದು, ಎಲ್ಲವೂ ಅವನ ಮರ್ಯಾದೆ ಕಾಯಲಿಕ್ಕೆ. ಯಾರು ಕೇಳಿದ್ದರು ಈ ಮರ್ಯಾದೆಯನ್ನು? ದಿನಕ್ಕೆ ಇಪ್ಪತ್ತು ಜನರ ಮಲಮೂತ್ರ ತೆಗೆದು, ಆ ಸಂಬಳದಲ್ಲಿ ಇವರ ಮಗಳನ್ನು ಸಾಕುವ ಕೈ ಇದು. ಇವರ ಹತ್ತಿರ ಬಂದಾಗ ಮಾತ್ರ ಇದಕ್ಕೆ ಅರಿಶಿನ ಕುಂಕುಮ.

"ಮನೆಯವರೆಲ್ಲ ಹೊರಗೆ ಹೋಗಿ," ಎಂದ.

"ಭಾವ, ಒಂದ್ನಿಮಿಷ..."

"ಇಲ್ಲಿ ಯಾರೂ ಭಾವ ಇಲ್ಲ. ಪೇಷೆಂಟಿನ ಕಡೆಯವರು ಹೊರಗೆ ಹೋಗಿ. ಶೇಷಪ್ಪನೋರೇ, ಕೈ ತೆಗೀರಿ. ಕಾಲು ಅಗಲ ಮಾಡಿ."

ಅಳಿಯನ ಬಾಯಲ್ಲಿ ತಮ್ಮ ಹೆಸರು ಕೇಳಿದ ಶೇಷಪ್ಪನವರು ಅವನನ್ನು ದಿಟ್ಟಿಸಿ ನೋಡಿದರು. ಆರು ವರ್ಷದಲ್ಲಿ ಅಷ್ಟು ನೇರವಾಗಿ ನೋಡಿದ್ದು ಅದೇ ಮೊದಲು. ಮಧುಸೂದನ ತಾಯಿಯ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದ. ಶೇಷಪ್ಪನವರ ಕೈಗಳು ಹೊದಿಕೆಯನ್ನು ಬಿಟ್ಟವು.

ಕೆಲಸಕ್ಕೆ ಮೂರು ನಿಮಿಷ ಹಿಡಿಯಿತು. ಎಲ್ಲೂ ತಪ್ಪಲಿಲ್ಲ. ಆದರೆ ಪ್ರತಿ ಪೇಷೆಂಟಿಗೂ ಅವನು ಹೇಳುವ ಒಂದು ಮಾತಿದೆ: ಸ್ವಲ್ಪ ಉರಿಯತ್ತೆ, ಉಸಿರು ಜೋರಾಗಿ ಎಳ್ಕೊಳಿ, ಆಗೋಯ್ತು. ಕುಡಿದು ಬಿದ್ದು ಬಂದವರಿಗೂ, ಬಯ್ಯುವವರಿಗೂ ಹೇಳುತ್ತಾನೆ. ಆ ದಿನ ಅವನು ಅದನ್ನು ಹೇಳಲಿಲ್ಲ. ಹೇಳದೆ ಇರುವುದರಲ್ಲಿ ಒಂದು ರುಚಿಯಿತ್ತು. ಆ ರುಚಿ ಎರಡು ದಿನ ಬಾಯಲ್ಲಿ ಕಹಿಯಾಗಿ ಉಳಿಯಿತು.

ನಳಿಗೆಯ ತುದಿಯ ಚೀಲಕ್ಕೆ ಒಂಬೈನೂರೈವತ್ತು ಬಂತು. ಅವನು ಬೆಳಕಿಗೆ ಹಿಡಿದು ಗೆರೆ ನೋಡಿ ಬರೆದ. ಹಳೆಯ ಎರಡು ಸಂಖ್ಯೆಗಳ ಮೇಲೆ ಗೆರೆ ಎಳೆದು ಸಹಿ ಹಾಕಿದ. ಶೇಷಪ್ಪನವರು ಕಣ್ಣು ಮುಚ್ಚಿದ್ದರು. ಮುಖ ಸಡಿಲಾಗಿತ್ತು, ಉಸಿರು ಉದ್ದವಾಗಿತ್ತು.

"ಬ್ರದರ್," ಪರದೆ ಸರಿಸಿದಾಗ ಮೂರ್ತಪ್ಪ ಮೆಲ್ಲಗೆ ಹೇಳಿದರು, "ನಾನು ಮಧ್ಯಾಹ್ನವೇ ಹೇಳ್ಬೇಕಿತ್ತು ಮಾರಾಯ್ರೆ. ಆ ಕ್ಯಾನು ಒಣಗ್ಕೊಂಡೇ ಇತ್ತು. ನಿಮ್ಮ ಮನೆ ವಿಷ್ಯ ಅಂತ ಸುಮ್ನಾದೆ."

"ಇದು ಮನೆ ಅಲ್ಲ," ಎಂದ ಪರಶುರಾಮ.

ಎಂಟೂವರೆಯ ಭದ್ರಾವತಿ ಬಸ್ಸಿನಲ್ಲಿ ನಿಂತುಕೊಂಡೇ ಅವನು ಮನೆ ಸೇರಿದ. ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ಹೆಂಡತಿ ದಿವ್ಯಶ್ರೀ ತಟ್ಟೆ ಹಾಕಿದಳು, ಬಡಿಸಿದಳು, ಎದುರಿಗೆ ಕೂರದೆ ನಿಂತಳು.

"ಅಪ್ಪನ್ನ ಹೆಸರು ಹಿಡಿದು ಕರೆದ್ರಂತೆ. ಎಲ್ಲರ ಎದುರಿಗೆ."

"ಪೇಷೆಂಟಿಗೆ ಹೆಸರಿರತ್ತೆ."

"ಅಮ್ಮನ್ನ ಹೊರಗೆ ಹಾಕಿದ್ರಂತೆ."

"ಎಲ್ಲರ ಮನೆಯವ್ರನ್ನೂ ಹೊರಗೆ ಹಾಕ್ತೀನಿ."

"ನಿಮಗೆ ನಾವೂ ಎಲ್ಲರಲ್ಲಿ ಒಬ್ರು ಹಾಗಾದ್ರೆ." ಅವಳ ಕಣ್ಣು ಕೆಂಪಾಗಿತ್ತು. "ಅಲ್ಲ, ನೀವು ಅಷ್ಟು ತಿಳಿದೋರು, ನೋಡ್ದೆ ಯಾಕೆ ಬರೆದ್ರಿ? ಅಪ್ಪಂಗೆ ಏನಾದ್ರೂ ಆಗಿದ್ರೆ?"

ಸಾರಿನ ಪಾತ್ರೆಯನ್ನು ಗೋಡೆಗೆ ಬಡಿಯಬೇಕೆನ್ನಿಸಿತು. ನಿಮ್ಮಮ್ಮನನ್ನು ಕೇಳು ಎನ್ನಬೇಕೆನ್ನಿಸಿತು. ಆದರೆ ಅವಳು ಕೇಳಿದ್ದು ಸರಿಯಾಗಿತ್ತು. ಸರಿಯಾಗಿದ್ದುದೇ ಅವನ ಸಿಟ್ಟನ್ನು ಹೆಚ್ಚು ಮಾಡಿತು. ಅನ್ನ ಕಲಸಿ ಬಿಟ್ಟು ಕೈ ತೊಳೆದ. ಮರುದಿನ ಮೇಟ್ರನ್ ಮುಂದೆ ಬರೆದುಕೊಟ್ಟ: ನನ್ನ ಅಜಾಗರೂಕತೆಯಿಂದ. ಎರಡು ಸಾಲು, ಒಂದು ಸಹಿ. ಕಾರಣ ಬರೆಯಲು ಆ ನಮೂನೆಯಲ್ಲಿ ಸಾಕಷ್ಟು ಜಾಗವಿತ್ತು.

ಎಂಟನೇ ದಿನ ಭಾನುವಾರ. ಶೇಷಪ್ಪನವರು ಶಿವಮೊಗ್ಗದ ಹೊಸಮನೆ ಬಡಾವಣೆಯ ಮಗನ ಮನೆಯಲ್ಲಿದ್ದರು. ಅವರ ಹೊಲಿಗೆ ಬಿಚ್ಚುವ ದಿನ ಎಂದು ಲೆಕ್ಕ ಹಾಕಿ ಪರಶುರಾಮ ಡ್ರೆಸ್ಸಿಂಗಿನ ಸಾಮಾನು ಬ್ಯಾಗಿನಲ್ಲಿಟ್ಟುಕೊಂಡು ಹೆಂಡತಿಯ ಜೊತೆ ಹೋದ. ಅದು ಅವನ ಕಡೆಯಿಂದ ರಾಜಿಯೂ ಆಗಿತ್ತು. ಬಾಗಿಲಲ್ಲೇ ಮಧುಸೂದನ ಬ್ಯಾಗು ತೆಗೆದುಕೊಳ್ಳಲು ಕೈ ಚಾಚಿದ.

"ಹೊಲಿಗೆ ತೆಗೀಬೇಕಲ್ಲ," ಎಂದ ಪರಶುರಾಮ.

"ನಿನ್ನೆ ಸಂಜೆನೇ ತೆಗೆಸಿದ್ವಿ ಭಾವ. ಇಲ್ಲೇ ಸರ್ಕಲ್ ಹತ್ರ ಒಬ್ಬ ಕಾಂಪೌಂಡರ್ ಇದಾನೆ, ಮನೆಗೇ ಬರ್ತಾನೆ. ನಿಮಗ್ಯಾಕೆ ತೊಂದ್ರೆ?"

ಒಳಗೆ ಆಯನೂರಿನಿಂದ ರೋಗಿಯನ್ನು ನೋಡಲು ಬಂದ ನೆಂಟರಿದ್ದರು. ಶೇಷಪ್ಪನವರ ದೊಡ್ಡಪ್ಪನ ಮಗ ಚೌಡಪ್ಪ, ಅವರ ಹೆಂಡತಿ, ಇನ್ನೊಬ್ಬರು. ಪರಶುರಾಮ ಬಂದೊಡನೆ ಎಲ್ಲರೂ ಎದ್ದರು. ಫ್ಯಾನಿನ ಕೆಳಗಿನ ಕುರ್ಚಿ ತೆರವಾಯಿತು. ಶೇಷಪ್ಪನವರು ದಿಂಬಿಗೊರಗಿ ಕೂತಿದ್ದರು.

"ಬನ್ನಿ, ಬನ್ನಿ. ಕೂತ್ಕೊಳಿ," ಎಂದರು ಅವನ ಭುಜದ ಆಚೆ ನೋಡುತ್ತ. ಆಮೇಲೆ ನೆಂಟರ ಕಡೆ ತಿರುಗಿದರು. "ಆವತ್ತು ಇವರು ಇರದೆ ಹೋಗಿದ್ರೆ ನಾನು ಇವತ್ತು ಇಲ್ಲಿ ಕೂತಿರ್ತಿರ್ಲಿಲ್ಲ ಚೌಡಪ್ಪ. ಯಾವನೋ ನರ್ಸು, ನೋಡದೆ ಮಾಡದೆ ಏನೇನೋ ಬರ್ದಿದ್ನಂತೆ ಪುಸ್ತಕದಲ್ಲಿ. ಹೊಟ್ಟೆ ಒಡೆಯೋ ಹಂಗಾಗಿತ್ತು. ಕೊನೆಗೆ ನಮ್ಮ ಅಳಿಯಂದ್ರು ಬಂದ್ರು, ನಿಂತು ಎಲ್ಲ ಸರಿ ಮಾಡಿಸಿದ್ರು."

ಪರಶುರಾಮ ದಿವ್ಯಶ್ರೀಯ ಕಡೆ ನೋಡಿದ. ಅವಳು ಚೌಡಪ್ಪನವರ ಹೆಂಡತಿ ತಂದಿದ್ದ ಮೂಸಂಬಿಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕುತ್ತಿದ್ದಳು. ಮಧುಸೂದನ ಮೊಬೈಲು ನೋಡುತ್ತಿದ್ದ. ಪದ್ಮಮ್ಮ ಅಡುಗೆಮನೆಯ ಬಾಗಿಲಲ್ಲಿ ಕಾಫಿಯ ತಟ್ಟೆ ಹಿಡಿದು ನಿಂತವರು ನಿಂತೇ ಇದ್ದರು.

"ಕಂಪ್ಲೇಂಟ್ ಕೊಡ್ಬೇಕಿತ್ತು ಮಾರಾಯ," ಎಂದರು ಚೌಡಪ್ಪ. "ಅಂಥೋರನ್ನ ಒದ್ದು ಓಡಿಸ್ಬೇಕು. ಜೀವದ ಜೊತೆ ಆಟ ಆಡ್ತಾರೆ. ಅಲ್ವಾ ಡಾಕ್ಟ್ರೇ? ಯಾರವನು? ಇನ್ನೂ ಇದಾನಾ ಅಲ್ಲೇ?"

ಪದ್ಮಮ್ಮ ನಡೆದು ಬಂದು ತಟ್ಟೆಯನ್ನು ಅವನ ಮುಂದೆ ಹಿಡಿದರು. ಈ ಸಲ ಅವರು ಗೋಡೆಯನ್ನಲ್ಲ, ಅವನ ಮುಖವನ್ನೇ ನೋಡುತ್ತಿದ್ದರು. ಪರಶುರಾಮ ಒಂದು ಲೋಟ ಎತ್ತಿಕೊಂಡ. ಬಿಸಿ ಬೆರಳಿಗೆ ಹತ್ತಿದರೂ ಕೆಳಗಿಡಲಿಲ್ಲ.

"ಇದಾನೆ," ಎಂದ.

ಆ ನರ್ಸು ನಾನೇ ಎಂದು ಅವನು ಹೇಳಲಿಲ್ಲ.