ವೆರಾಂಗ್ ಬಿಚ್ಚಿ ಜೋಡಿಸಿದ ಪಿಸ್ತೂಲು

ತನ್ನದೇ ಪಿಸ್ತೂಲಿನಿಂದ ಕಾವಲುಗಾರನೊಬ್ಬನ ಕಾಲಿಗೆ ಗುಂಡು ಹೊಕ್ಕ ನಾಲ್ಕನೆಯ ದಿನ ಬೆಳಿಗ್ಗೆ, ಅವನ ಮೇಲಧಿಕಾರಿ ಆ ಪಿಸ್ತೂಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ದನಾವ್ ಊರಿನ ನಮ್ಮ ಬಂದೂಕು ಕಾರ್ಖಾನೆಗೆ ಬಂದ. ಹೆಸರು ಮಗ್ದಾಲುಯೊ. ಹಿಂದೆ ಸೈನ್ಯದಲ್ಲಿದ್ದವನು; ಈಗ ಸೆಬು ನಗರದ ಗೋದಾಮುಗಳಿಗೆ ಕಾವಲುಗಾರರನ್ನು ಕಳಿಸುವ ಕಂಪನಿಯೊಂದನ್ನು ನೋಡಿಕೊಳ್ಳುತ್ತಿದ್ದ. ನಾವು ಮಾಡಿಕೊಟ್ಟ ನಲವತ್ತು ಪಿಸ್ತೂಲುಗಳು ಅವನ ಜನರ ಸೊಂಟದಲ್ಲಿದ್ದವು.

"ಇದನ್ನ ಜೋಡಿಸಿದ್ದು ಯಾರು?" ಎಂದ. ನಮಸ್ಕಾರ ಇಲ್ಲ, ಏನೂ ಇಲ್ಲ.

ನಮ್ಮ ಮೇಸ್ತ್ರಿ ತೆರಿಯೊ ಕೈ ಕೂಡ ಎತ್ತಲಿಲ್ಲ. ತುಟಿ ಮುಂದೆ ಚಾಚಿ ಕಿಟಕಿಯ ಕಡೆ ತೋರಿಸಿದ. ಅಲ್ಲಿ ವೆರಾಂಗ್ ಕೂತಿದ್ದಳು. ಅವಳು ತೆರಿಯೊನ ಸತ್ತ ಅಣ್ಣನ ಹೆಂಡತಿ. ಪೊಲೀಸರಿಗೆ ಹೆದರಿ ಗುಡ್ಡದ ಗುಡಿಸಲುಗಳಲ್ಲಿ ಕಳ್ಳ ಬಂದೂಕು ಮಾಡುತ್ತಿದ್ದ ಕಾಲದಿಂದಲೂ ಗಂಡನ ಪಕ್ಕ ಕೂತು ಅರ ಹಿಡಿದವಳು. ಕಾರ್ಖಾನೆಗೆ ಲೈಸೆನ್ಸು ಬಂದಾಗ ಬೆಳಕು ಚೆನ್ನಾಗಿ ಬೀಳುವ ಕಿಟಕಿ ಪಕ್ಕದ ಮೇಜು ಗಂಡನಿಗೆ ಸಿಕ್ಕಿತು, ಅವನು ಸತ್ತ ಮೇಲೆ ಅವಳಿಗೆ. ಅದು ತನಗೆ ಬರಬೇಕಿತ್ತು ಎಂದು ತೆರಿಯೊ ಹನ್ನೊಂದು ವರ್ಷದಿಂದ ಹಲ್ಲು ಕಡಿಯುತ್ತಿದ್ದ. ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಆಡಿದರೆ ಅದು ಜಗಳವೇ.

ನಾನು ಪಕ್ಕದಲ್ಲೇ, ಉಕ್ಕಿಗೆ ಕಪ್ಪು ಏರಿಸುವ ತೊಟ್ಟಿಯ ಹತ್ತಿರ ನಿಂತಿದ್ದೆ. ಎಲ್ಲ ಕಣ್ಣಾರೆ ಕಂಡೆ.

"ಹೊರಗೆ ಹೋದ್ಮೇಲೆ ನಿಮ್ಮೋರೇ ಯಾರೋ ಬಿಚ್ಚಿದಾರೆ," ಎಂದಳು ವೆರಾಂಗ್, ಕೂತಲ್ಲಿಂದ ಏಳದೆ. "ನನ್ನ ಕೈಯಿಂದ ಹೋದ ಪಿಸ್ತೂಲು ತಾನಾಗಿ ಹಾರಲ್ಲ."

"ಬಿಚ್ಚಿದಾರಾ?" ಮಗ್ದಾಲುಯೊ ಪಿಸ್ತೂಲನ್ನು ಮೇಜಿನ ಮೇಲೆ ಕುಕ್ಕಿದ. "ಈ ಕೆಂಪು ಚುಕ್ಕೆ ಯಾರದು ಹಾಗಾದ್ರೆ?"

ಜೋಡಣೆ ಮುಗಿದ ಮೇಲೆ ಹಿಡಿಯ ಹಿಂಬದಿಯ ಪಿನ್ನಿಗೆ ಒಂದು ಹನಿ ಕೆಂಪು ಬಣ್ಣ ಇಡುವುದು ಅವಳ ಪದ್ಧತಿ. ಪಿನ್ನು ತೆಗೆದರೆ ಚುಕ್ಕೆ ಒಡೆಯುತ್ತದೆ. ಇದು ಒಡೆದಿರಲಿಲ್ಲ.

"ಅತ್ತಿಗೆಗೆ ವಯಸ್ಸಾಯ್ತು ಸರ್," ಎಂದ ತೆರಿಯೊ, ಎಲ್ಲರಿಗೂ ಕೇಳುವ ಹಾಗೆ. "ಮನೇಲಿ ಒಣಮೀನು ಹುರ್ಕೊಂಡಿರಿ ಅಂದ್ರೆ ಕೇಳಲ್ಲ."

"ನಿನ್ನ ಕೈಯಲ್ಲಿ ಒಂದು ಪಿನ್ನು ನೆಟ್ಟಗೆ ಕೂರ್ಸು, ಆಮೇಲೆ ನನ್ನ ವಯಸ್ಸು ಎಣ್ಸು," ಎಂದಳು ಅವಳು. ಹಿಂದೆ ಯಾರೋ ಕಿಸಕ್ಕೆಂದರು. ತೆರಿಯೊನ ಕಿವಿ ಕೆಂಪಾಯಿತು.

"ನಿಮ್ಮ ಮನೆ ಜಗಳ ನನಗೆ ಬೇಡ," ಎಂದ ಮಗ್ದಾಲುಯೊ. "ಈಗ, ನನ್ನೆದುರು, ಪೂರ್ತಿ ಬಿಚ್ಚಿ. ಮತ್ತೆ ಜೋಡ್ಸಿ. ಒಳಗೆ ಎಲ್ಲ ಸರಿ ಇದ್ರೆ ನನ್ನ ಹುಡುಗನೇ ಟ್ರಿಗರ್ ಮೇಲೆ ಬೆರಳಿಟ್ಟ ಅಂತ ಬರೀತೀನಿ, ಅವನ ಕೆಲಸ ಹೋಗುತ್ತೆ. ಸರಿ ಇಲ್ದಿದ್ರೆ ನಿಮ್ಮದು."

ಕಾರ್ಖಾನೆಯ ಹದಿನಾಲ್ಕು ಜನವೂ ಸುತ್ತ ನೆರೆದರು. ವೆರಾಂಗ್ ಕೈ ಒರೆಸಿಕೊಂಡಳು. ಮ್ಯಾಗಜಿನ್ ಖಾಲಿ, ಸ್ಲೈಡು ಎಳೆದು ಒಳಗೂ ಗುಂಡಿಲ್ಲವೆಂದು ಕಿರುಬೆರಳು ಹಾಕಿ ನೋಡಿದಳು. ಸ್ಲೈಡು, ನಳಿಗೆ, ಅದರ ಸ್ಪ್ರಿಂಗು ಹೊರಬಂದವು. ಹಿಡಿಯ ಮರದ ಪಟ್ಟಿಗಳನ್ನು ಬಿಚ್ಚಿದಳು. ಚುಕ್ಕೆ ಒಡೆದು ಪಿನ್ನನ್ನು ತಟ್ಟಿ ಹೊರತೆಗೆದಳು. ಹಿಂಬದಿಯ ತುಂಡು ಕೆಳಕ್ಕೆ ಜಾರಿತು. ಇಷ್ಟೂ ಮಾಡಲು ಅವಳಿಗೆ ಎರಡು ನಿಮಿಷ ಹಿಡಿಯಲಿಲ್ಲ. ಆಮೇಲೆ ಒಳಗಿನ ಮೂರು ಬೆರಳಿನ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ, ಅದರಡಿಯ ತುಂಡುಗಳನ್ನೂ ಬಿಡಿಸಿದಳು.

ಆ ಸ್ಪ್ರಿಂಗು ಚಪ್ಪಟೆ ತಗಡಿನದು, ಮೂರು ಸೀಳು. ಎಡಗಡೆಯ ಬೆರಳು ಕೊಕ್ಕೆಯೊಂದನ್ನು ಒತ್ತಿ ಹಿಡಿದಿರಬೇಕು. ಹಿಂದಕ್ಕೆಳೆದ ಹ್ಯಾಮರನ್ನು ಬೀಳದಂತೆ ತಡೆಯುವುದು ಆ ಕೊಕ್ಕೆಯೇ. ನಡುವಿನ ಬೆರಳು ಪಕ್ಕದ ತುಂಡನ್ನು ಒತ್ತಬೇಕು. ಜೋಡಿಸುವಾಗ ಎಡ ಬೆರಳು ಕೂದಲೆಳೆಯಷ್ಟು ಸರಿದರೆ ಅದು ಕೊಕ್ಕೆಯ ಅಂಚಿಗಷ್ಟೇ ತಗುಲಿರುತ್ತದೆ. ಪರೀಕ್ಷೆಯಲ್ಲಿ ಗುಂಡು ಸರಿಯಾಗಿಯೇ ಹಾರುತ್ತದೆ. ಮುಂದೊಂದು ದಿನ ಒಂದು ಕುಲುಕಿಗೆ ಬೆರಳು ಜಾರುತ್ತದೆ, ಹ್ಯಾಮರ್ ತಾನಾಗಿ ಬೀಳುತ್ತದೆ.

ಬೆರಳು ಎಲ್ಲಿ ಕೂತಿತ್ತು ಎಂಬುದು ಉಕ್ಕಿನ ಮೇಲೆ ಉಜ್ಜಿದ ಹೊಳಪಿನಿಂದ ತಿಳಿಯುತ್ತದೆ. ವೆರಾಂಗ್ ಕೊಕ್ಕೆಯನ್ನು ಬೆಳಕಿಗೆ ಹಿಡಿದು, ಬಲಗಣ್ಣಿಗೆ ತೀರ ಹತ್ತಿರ ತಂದು ತಿರುಗಿಸಿದಳು. ಕೊಕ್ಕೆಯ ಅಂಚಿನಲ್ಲಿ ಉಗುರು ಗೀರಿದಂಥ ಸಣ್ಣ ಗೆರೆ. ಪಕ್ಕದ ತುಂಡಿನ ಮೇಲೆ ಒಂದರ ಬದಲು ಎರಡು ಗುರುತು; ಎಡ ಬೆರಳೂ ಅಲ್ಲಿಗೇ ಜಾರಿತ್ತು.

ತೆರಿಯೊ ಅವಳ ಭುಜದ ಮೇಲಿಂದ ಬಗ್ಗಿದ. ಅವನೂ ಕಸುಬಿನವನೇ, ಕಂಡಿತು. ಹನ್ನೊಂದು ವರ್ಷ ಕಾದಿದ್ದ ಗಳಿಗೆ ಅದು. ಆದರೆ ಅವನ ಬಾಯಿಂದ ಬಂದದ್ದೇ ಬೇರೆ.

"ಎಲ್ಲ ಸರಿ ಇದೆ ಸರ್. ಜೋಡಣೇಲಿ ಏನೂ ದೋಷ ಇಲ್ಲ. ನಿಮ್ಮ ಹುಡುಗನದೇ ತಪ್ಪು."

ಮಗ್ದಾಲುಯೊ ಮೊಬೈಲು ತೆಗೆದು ಏನೋ ಬರೆದುಕೊಳ್ಳತೊಡಗಿದ. ತೆರಿಯೊ ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದ: "ಬಾಯಿ ಮುಚ್ಕೊಂಡು ಜೋಡ್ಸು ಅತ್ತಿಗೆ. ಇಷ್ಟು ಜನರ ಅನ್ನ ಇದೆ ನಿನ್ನ ಕೈಲಿ."

ಅವಳು ಜೋಡಿಸಿದಳು. ಕೊಕ್ಕೆ, ಪಕ್ಕದ ತುಂಡು, ಹ್ಯಾಮರ್, ಅವುಗಳ ಪಿನ್ನುಗಳು. ಸ್ಪ್ರಿಂಗಿನ ಎಡ ಬೆರಳನ್ನು ಸೂಜಿಮೊನೆಯಿಂದ ತಳ್ಳಿ ಕೊಕ್ಕೆಯ ನಟ್ಟನಡುವೆ ಕೂರಿಸಿದಳು. ಕಣ್ಣಿನಿಂದಲ್ಲ, ಉಗುರಿನಿಂದ ಮುಟ್ಟಿ ನೋಡಿ. ಸ್ಲೈಡು ಏರಿಸಿ, ಹ್ಯಾಮರ್ ಎಳೆದು, ಹಿಡಿಯನ್ನು ಅಂಗೈಯಿಂದ ನಾಲ್ಕು ಸಲ ಬಲವಾಗಿ ಗುದ್ದಿದಳು. ಹ್ಯಾಮರ್ ಅಲುಗಲಿಲ್ಲ. ಅಷ್ಟಾದ ಮೇಲೆ ಹೇಳಿದಳು:

"ಈಗ ಸರಿ ಇದೆ. ಅವತ್ತು ಸರಿ ಇರ್ಲಿಲ್ಲ. ತಪ್ಪು ನಂದು. ನಿಮ್ಮ ಹುಡುಗನ ಕೆಲಸ ತೆಗೀಬೇಡಿ."

ಮಗ್ದಾಲುಯೊ ಮೊದಲು ನೋಡಿದ್ದು ತೆರಿಯೊನ ಮುಖ.

"ಎಲ್ಲ ಸರಿ ಇದೆ ಅಂದ್ಯಲ್ಲೋ, ಸುಳ್ಳುಬುರುಕ!"

"ಮೊಂಡು ಮುದುಕಿ ಸರ್, ತಲೆ ಕೆಟ್ಟಿದೆ—"

"ಎಡಗಣ್ಣಿಗೆ ಪೊರೆ ಬಂದಿದೆ," ಎಂದಳು ವೆರಾಂಗ್. "ನಾಲ್ಕು ತಿಂಗಳಾಯ್ತು. ಹೇಳಿದ್ರೆ ಇವನು ಮೇಜು ಕಿತ್ಕೋತಾನೆ ಅಂತ ಯಾರಿಗೂ ಹೇಳಿಲ್ಲ. ಆ ನಲವತ್ತನ್ನೂ ಇದೇ ಕಣ್ಣಲ್ಲಿ ಜೋಡಿಸಿದ್ದು. ಎಲ್ಲ ವಾಪಸ್ ತನ್ನಿ."

ಮಗ್ದಾಲುಯೊ ಚೀಲವನ್ನು ಮುದುರಿ ನೆಲಕ್ಕೆಸೆದು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು, ಇನ್ನು ಮುಂದೆ ದನಾವ್‌ನ ಒಂದು ಮೊಳೆಯನ್ನೂ ಕೊಳ್ಳುವುದಿಲ್ಲ ಎಂದು ಕೂಗಿದ.

ಅಂದಿನಿಂದ ವೆರಾಂಗ್ ಜೊತೆ ನಾವು ಯಾರೂ ಮಾತಾಡಲಿಲ್ಲ. ಊಟದ ಹೊತ್ತಿಗೆ ತೆಂಗಿನಗರಿಯಲ್ಲಿ ಬೇಯಿಸಿದ ಅನ್ನದ ಪೊಟ್ಟಣ ಹಿಡಿದು ಅವಳು ಬೆಂಚಿಗೆ ಬಂದರೆ ಬೆಂಚು ಖಾಲಿಯಾಗುತ್ತಿತ್ತು. ಅವಳ ಮನೆಯ ಮೆಟ್ಟಿಲ ಮೇಲೆ ಯಾರೋ ಮೀನಿನ ಕರುಳು ಸುರಿದು ಹೋದರು. ಯಾರೆಂದು ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಅವಳು ಆಸ್ಪತ್ರೆಗೆ ಹೋಗಿದ್ದಳಂತೆ. ಕಾವಲುಗಾರನ ತಾಯಿ ಅವಳು ತಂದ ಮಾವಿನಹಣ್ಣಿನ ಬುಟ್ಟಿಯನ್ನು ವಾರ್ಡಿನ ಹೊರಗೇ ಇಡಿಸಿ, "ಇನ್ನೊಂದು ಕಾಲು ನೋಡೋಕೆ ಬಂದ್ಯಾ?" ಎಂದಳಂತೆ. ಅಲ್ಲಿ ನರ್ಸಾಗಿರುವ ನನ್ನ ತಂಗಿ ಇದನ್ನು ಹೇಳಿದಳು.

ಮರುವಾರ ಉಳಿದ ಮೂವತ್ತೊಂಬತ್ತು ಪಿಸ್ತೂಲುಗಳು ಪೆಟ್ಟಿಗೆಯಲ್ಲಿ ಬಂದು ಬಿದ್ದವು. ಪ್ರತಿಯೊಂದನ್ನೂ ಬಿಚ್ಚಿ, ನೋಡಿ, ಜೋಡಿಸಬೇಕು. ವೆರಾಂಗ್‌ಗೆ ಕೈಯಿತ್ತು, ಕಣ್ಣಿರಲಿಲ್ಲ. ಗುರುತು ನೋಡಿ ಹೇಳಲು ಅವಳೆದುರು ಕೂರಲು ಯಾರೂ ಒಪ್ಪಲಿಲ್ಲ. ನಾನೂ ತೊಟ್ಟಿಯ ಕೆಲಸವಿದೆ ಎಂದೆ. ಕೊನೆಗೆ ತೆರಿಯೊನೇ ಸ್ಟೂಲು ಎಳೆದುಕೊಂಡು ಕೂತ. ಲೈಸೆನ್ಸು ಉಳಿಯಬೇಕಾದರೆ ಬೇರೆ ದಾರಿಯಿರಲಿಲ್ಲ.

ಮೂರು ದಿನ ಅವರಿಬ್ಬರ ನಡುವೆ ಕೇಳಿಸಿದ್ದು ಇಷ್ಟೇ:

"ಎಡ ಬೆರಳು?"

"ಕೊಕ್ಕೆ ಮೇಲೆ."

"ಗುರುತು?"

"ಒಂದೇ."

ಅವಳು ಮತ್ತೆ ಜೋಡಿಸಿ, ಗುದ್ದಿ ನೋಡಿ, ಪಕ್ಕಕ್ಕಿಡುವಳು. ಹದಿನೇಳನೆಯದರಲ್ಲಿ ತೆರಿಯೊ ತುಂಡನ್ನು ಎರಡು ಸಲ ಬೆಳಕಿಗೆ ಹಿಡಿದ. ಅವಳು ಮತ್ತೆ ಕೇಳಿದಳು. "ಎರಡು ಗುರುತು," ಎಂದ. ಮೂವತ್ತಮೂರನೆಯದರಲ್ಲೂ ಹಾಗೇ. ಅದನ್ನಂತೂ ಬಿಚ್ಚುವ ಮೊದಲೇ ಹ್ಯಾಮರ್ ಎಳೆದು ಅಂಗೈಯಿಂದ ಗುದ್ದಿದಾಗ ಎರಡನೆಯ ಏಟಿಗೇ ಟಪ್ಪೆಂದು ಬಿತ್ತು. ಇಡೀ ಕಾರ್ಖಾನೆಗೆ ಆ ಸದ್ದು ಕೇಳಿಸಿತು. ಯಾರೋ ಅರ ಉಜ್ಜುತ್ತಿದ್ದವನು ನಿಲ್ಲಿಸಿದ. ಆ ಪಿಸ್ತೂಲು ಬಂದರಿನ ಹತ್ತಿರ ಶಾಲಾ ಗೇಟಿನಲ್ಲಿ ನಿಲ್ಲುವವನದಂತೆ.

"ನನ್ನ ಮಾತು ಕೇಳಿ ಅವತ್ತು ಸುಮ್ನಿದ್ದಿದ್ರೆ..." ಎಂದು ತೆರಿಯೊ ಶುರುಮಾಡಿದ.

"ಮುಂದಿನದು ಕೊಡು," ಎಂದಳು ಅವಳು.

ಮೂವತ್ತೊಂಬತ್ತೂ ಮುಗಿದ ಸಂಜೆ ವೆರಾಂಗ್ ತನ್ನ ಅರ, ಪಂಚು, ಚಿಮಟಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದಳು. ಯಾರೂ ತಡೆಯಲಿಲ್ಲ. ತೆರಿಯೊ ಸೋಮವಾರವೇ ಕಿಟಕಿಯ ಮೇಜಿಗೆ ಬಂದು ಕೂತ. ಗುತ್ತಿಗೆ ಮತ್ತೆ ಬರಲಿಲ್ಲ. ಐದು ಜನ ಕೆಲಸ ಕಳೆದುಕೊಂಡು ಮನೆಗೆ ಹೋದರು. ಅವರು ಈಗಲೂ ಅವಳ ಹೆಸರು ಬಂದರೆ ಉಗುಳುತ್ತಾರೆ. ಲೈಸೆನ್ಸು ಮಾತ್ರ ಉಳಿಯಿತು. ಕಾವಲುಗಾರ ಕುಂಟುತ್ತಾ ಮತ್ತೆ ಕೆಲಸಕ್ಕೆ ಸೇರಿದನೆಂದು ಕೇಳಿದೆ.

ಎರಡು ತಿಂಗಳ ಮೇಲೆ ನಾನು ಅವಳ ಮನೆಗೆ ಹೋದೆ. ಆಪರೇಷನ್ ಆಗಿ ಕಣ್ಣಿಗೆ ಪಟ್ಟಿ ಇತ್ತು. ಬಾಗಿಲಲ್ಲೇ ನಿಂತು ನನ್ನ ಕೈಯಲ್ಲಿದ್ದ ಮೀನನ್ನು ನೋಡಿದಳು.

"ನಾಂಗ್," ಎಂದೆ, ಹಿರಿಯ ಹೆಂಗಸರನ್ನು ಕರೆಯುವ ಹಾಗೆ. "ಅವತ್ತು ನೀವು ಮಾಡಿದ್ದೇ ಸರಿ."

"ಅವತ್ತು ನಿನ್ನ ಬಾಯಿಗೆ ಏನಾಗಿತ್ತು ಇಸ್ಕೊ?"

ನಾನು ಮೀನನ್ನು ಮುಂದೆ ಚಾಚುವಷ್ಟರಲ್ಲೇ ಅವಳು ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಗುಳಿ ಬಿದ್ದ ಸದ್ದು ಕೇಳಿಸಿತು. ಮೀನನ್ನು ಹಿಡಿದುಕೊಂಡೇ ಮನೆಗೆ ಬಂದೆ.