ಟೀಚರ್ ಜಡೆಯ ಗೂಡು

ವಿಗ್ ಕಟ್ಟುವುದರಲ್ಲಿ ಮೂವತ್ತು ವರ್ಷ ಪಳಗಿದ ಕೈ ಅವನದು. ಆದರೂ ಊಟ ಮುಗಿಸಿ ಬರುವಷ್ಟರಲ್ಲಿ ವಿಗ್ಗಿನ ಮುಂದಲೆ ಬೋಳಾಗಿರುವುದನ್ನು ನೋಡಿದ್ದು ಇದೇ ಮೊದಲು. ಹಿಂದಿನ ಕಿಟಕಿಯ ಕಟ್ಟೆಯಲ್ಲಿ, ಮರದ ತಲೆಗೆ ತೊಡಿಸಿ ಒಣಗಲು ಇಟ್ಟಿದ್ದ.

ಅದು ಯಾರದೋ ಕೂದಲಲ್ಲ. ಔಷಧಿ ಶುರುವಾದರೆ ಕೂದಲು ಉದುರುತ್ತದೆಂದು ಡಾಕ್ಟರು ಹೇಳಿದ ದಿನವೇ ಟೀಚರೊಬ್ಬರು ಬಂದು, ತಮ್ಮ ಜಡೆಯನ್ನು ತಾವೇ ಕತ್ತರಿಸಿ ಅವನ ಕೈಗಿಟ್ಟಿದ್ದರು. ಈಗ ಕಾಯಿಲೆ ವಾಸಿಯಾಗಿತ್ತು. ನಾಳೆ ಬೆಳಿಗ್ಗೆ ಈ ವಿಗ್ ತೊಟ್ಟು ಮತ್ತೆ ಶಾಲೆಗೆ ಹೋಗುವವರಿದ್ದರು.

"ಇದನ್ನ ಯಾರು ಮುಟ್ಟಿದ್ದು?" ಎಂದು ಹೆಂಡತಿಯನ್ನು ಕೇಳಿದ.

"ನಂಗೆ ನನ್ ತಲೆ ಬಾಚ್ಕೊಳ್ಳೋಕೇ ಪುರುಸೊತ್ತಿಲ್ಲ. ಅಲ್ನೋಡಿ, ನಿಮ್ ಗಿರಾಕಿ ಮತ್ತೆ ಬಂದ್ಲು."

ಕಿಟಕಿಯಲ್ಲಿ ಪಿಕಳಾರ ಕೂತಿತ್ತು. ತಲೆಯ ಮೇಲೆ ಸೊಗಸಾದ ಜುಟ್ಟಿದ್ದೂ ಇನ್ನೊಬ್ಬರ ಕೂದಲಿಗೆ ಆಸೆಪಡುವ ಹಕ್ಕಿ. ಒಂದೆಳೆ ಕಿತ್ತುಕೊಂಡು ಹಿತ್ತಲ ದಾಸವಾಳದ ಗಿಡಕ್ಕೆ ಹಾರಿತು.

ಪಾಪ, ಅದರ ತಪ್ಪೇನೂ ಇರಲಿಲ್ಲ. ಗೂಡು ಕಟ್ಟುವ ಕಾಲ ಬಂತೆಂದರೆ ಇವನೇ ಪ್ರತಿವರ್ಷ ಚೂರುಪಾರು ಕೂದಲನ್ನು ಅದೇ ಕಟ್ಟೆಯ ಮೇಲೆ ಹರಡುತ್ತಿದ್ದ. ಈ ಸಲ ವಿಗ್ಗಿನ ಗಡಿಬಿಡಿಯಲ್ಲಿ ಮರೆತಿದ್ದ. ಕಟ್ಟೆಯ ಮೇಲಿದ್ದದ್ದು ತನಗೇ ಎಂದುಕೊಂಡಿತು ಹಕ್ಕಿ. ಕರೆದು ಬಡಿಸುವ ಅಭ್ಯಾಸ ಮಾಡಿಸಿದವನು ಈಗ ಕಳ್ಳಿ ಎಂದರೆ ಹೇಗೆ?

ಸಂಜೆಯವರೆಗೂ ಹಿಂದಿನ ಎಳೆಗಳನ್ನು ತೆಗೆದು ಮುಂದೆ ಕಟ್ಟಿದ. ಮುಂದಲೆ ಮುಚ್ಚಿದರೆ ಹಿಂದಲೆ ಬೋಳು. ಹಿಂದಲೆ ಮುಚ್ಚಿದರೆ ಮುಂದಲೆ. ಸಾಕಾಗಿ ಸೂಜಿ ಕೆಳಗಿಟ್ಟ.

ಬೆಳಿಗ್ಗೆ ಟೀಚರ್ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಬಂದರು. ಅವನು ವಿಗ್ ತೋರಿಸುವ ಮೊದಲು ಕಿಟಕಿಯಾಚೆಗೆ ಬೆರಳು ತೋರಿಸಿ, ನಡೆದದ್ದನ್ನೆಲ್ಲ ಒಪ್ಪಿಕೊಂಡ. "ತಪ್ಪಾಗೋಯ್ತು ಟೀಚರ್. ನಿಮ್ಮ ಮುಖ ನೋಡೋಕೆ ಆಗ್ತಿಲ್ಲ."

ಟೀಚರ್ ಹಿತ್ತಲಿಗೆ ಹೋಗಿ ಗಿಡದೊಳಗೆ ಇಣುಕಿದರು. ಅಂಗೈಯಗಲದ ಗೂಡು. ಒಳಗೆ ತಮ್ಮದೇ ಕೂದಲು ಸುತ್ತಿಸುತ್ತಿ ಮೆತ್ತಗೆ ಹಾಸಿತ್ತು. ಅದರ ಮಧ್ಯೆ ಚುಕ್ಕೆಚುಕ್ಕೆಯ ಒಂದು ಮೊಟ್ಟೆ.

"ಒಂದು ವರ್ಷದಿಂದ ಉದುರೋದನ್ನೇ ನೋಡ್ತಾ ಇದ್ದೆ," ಎಂದರು ಟೀಚರ್. "ಇದೊಂದಾದ್ರೂ ಕಟ್ಟೋ ಕೆಲ್ಸಕ್ಕೆ ಹೋಯ್ತಲ್ಲ."

ಸ್ಕಾರ್ಫ್ ಬಿಚ್ಚಿ ಚೀಲಕ್ಕೆ ತುರುಕಿದರು. ತಲೆಯ ತುಂಬ ಅರ್ಧ ಬೆರಳುದ್ದದ ಹೊಸ ಕೂದಲು ನೆಟ್ಟಗೆ ನಿಂತಿತ್ತು.

"ಹೀಗೇ ಹೋಗ್ತೀರಾ?" ಎಂದಳು ಹೆಂಡತಿ.

"ಹೂಂ ಕಣಮ್ಮ. ಮಕ್ಳು ಕೇಳಿದ್ರೆ, ಉಳಿದದ್ದು ಬಾಣಂತಿಗೆ ಕೊಟ್ಟಿದೀನಿ ಅಂತೀನಿ."

ಮೂರು ವಾರದ ಕೆಲಸ ಹೋಯಿತೆಂದು ಅವನಿಗೆ ಬೇಸರವಾಗಬೇಕಿತ್ತು. ಹಾಳಾದ್ದು, ಖುಷಿಯೇ ಆಯಿತು. ಟೀಚರ್ ಬೀದಿಯ ತಿರುವು ದಾಟುವವರೆಗೆ ಬಾಗಿಲಲ್ಲೇ ನಿಂತಿದ್ದು, ಒಳಗೆ ಹೋಗಿ ವಿಗ್ಗನ್ನು ಮತ್ತೆ ಕಿಟಕಿಯ ಕಟ್ಟೆಗೇ ಇಟ್ಟ.